ಸಾಲದ ಲೆಕ್ಕ ನೋಡಲು ಅಂಜುವ ಕುಟುಂಬಗಳಿಗೆ ಜೊತೆಗಾರಿಕೆ: ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೆ ಒಂದು ಕುಟುಂಬದ ಸಾಲದ ವಿಷಯ ಬರುವುದು ಸಾಮಾನ್ಯವಾಗಿ ಕೊನೆಯ ಹಂತದಲ್ಲಿ. ವಸೂಲಿಗಾರರು ಮನೆಯ ಮುಂದೆ ನಿಂತ ದಿನ, ಗಿರವಿ ಇಟ್ಟ ಒಡವೆ ಹರಾಜಾದ ಮರುದಿನ, ಇಲ್ಲವೇ ಮನೆಗೆ ಬೀಗ ಬಿದ್ದ ಮೇಲೆ ಅದು ತಿಳಿಯುತ್ತದೆ. 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಸಾಲಗಾರ ಕುಟುಂಬಗಳು ಊರು ತೊರೆದ ಸುದ್ದಿಗಳು ಪತ್ರಿಕೆಗಳಲ್ಲಿ ಸತತವಾಗಿ ಪ್ರಕಟವಾದವು. ಆದರೆ ಬೀಗ ಬೀಳುವುದಕ್ಕೆ ಎಷ್ಟೋ ತಿಂಗಳ ಮೊದಲೇ ಅಂತಹ ಮನೆಗಳಲ್ಲಿ ಮತ್ತೊಂದು ಸಂಗತಿ ನಡೆದಿರುತ್ತದೆ. ಸಾಲದ ಪುಸ್ತಕವನ್ನು ತೆರೆದು ನೋಡುವುದು ನಿಂತಿರುತ್ತದೆ. ಈ ಲೇಖನವು ಆ ಮೊದಲ ಹಂತವನ್ನು ಗುರುತಿಸುವ ಬಗೆಯನ್ನೂ, ಅಲ್ಲಿ ಸದಸ್ಯರು ಮಾಡಬಹುದಾದ ಕೆಲಸವನ್ನೂ ವಿವರಿಸುತ್ತದೆ.

ಲೆಕ್ಕದಿಂದ ಮುಖ ತಿರುಗಿಸುವುದು

ದೇವರ ಪಟದ ಹಿಂದೆ ಸೇರಿಸಿಟ್ಟ ತೆರೆಯದ ಲಕೋಟೆ, ಗುರುತಿಲ್ಲದ ಸಂಖ್ಯೆಯಿಂದ ಕರೆ ಬಂದಾಗ ಮಗುವಿನ ಕೈಗೆ ಕೊಡುವ ಮೊಬೈಲು, ವರ್ಷಗಟ್ಟಲೆ ಮುದ್ರೆ ಹಾಕಿಸದ ಪಾಸ್‌ಪುಸ್ತಕ, ಸಂಘದ ಸಭೆಯ ದಿನವೇ ತವರಿಗೆ ಹೋಗುವ ಸದಸ್ಯೆ: ಇವೆಲ್ಲವೂ ಒಂದೇ ಸ್ಥಿತಿಯ ಲಕ್ಷಣಗಳು. ಹೊರಗಿನವರಿಗೆ ಇದು ಉಡಾಫೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಇದರ ಮೂಲದಲ್ಲಿರುವುದು ಭಯ ಮತ್ತು ನಾಚಿಕೆ. ಮೊತ್ತವನ್ನು ನೋಡಿದರೆ ಎದೆ ಒಡೆಯುತ್ತದೆ ಎಂಬ ಅಂಜಿಕೆಯಿಂದ ನೋಡುವುದನ್ನು ಮುಂದೂಡಲಾಗುತ್ತದೆ. ಮುಂದೂಡಿದ್ದರಿಂದ ಮೊತ್ತ ಬೆಳೆಯುತ್ತದೆ. ಬೆಳೆದ ಮೊತ್ತ ಅಂಜಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಗ್ರಾಮೀಣ ಸಾಲದ ಸ್ವರೂಪವೂ ಈ ಮಸುಕಿಗೆ ಕಾರಣವಾಗಿದೆ. ಒಂದೇ ಮನೆಯಲ್ಲಿ ಸಹಕಾರ ಸಂಘದ ಬೆಳೆಸಾಲ, ಬ್ಯಾಂಕಿನ ಚಿನ್ನದ ಸಾಲ, ಮೈಕ್ರೋಫೈನಾನ್ಸ್ ಕಂಪನಿಯ ಸಾಲ, ಕೈಸಾಲ ಮತ್ತು ಅಂಗಡಿಯ ಉದ್ದರಿ ಒಟ್ಟಿಗೆ ಇರುತ್ತವೆ. ಮಹಿಳೆಯರೇ ನಡೆಸುವ ಸ್ವಸಹಾಯ ಸಂಘದ ಸಾಲವನ್ನೂ, ಕಂಪನಿಯು ಗುಂಪು ಮಾಡಿ ನೀಡುವ ಸಾಲವನ್ನೂ ಊರಿನಲ್ಲಿ ‘ಸಂಘದ ಸಾಲ’ ಎಂದೇ ಕರೆಯುವುದರಿಂದ, ಯಾವುದು ಯಾರಿಗೆ ಸಲ್ಲಬೇಕೆಂಬುದೇ ಗೊಂದಲವಾಗುತ್ತದೆ. ನೆರೆಯವರಿಗಾಗಿ ತಮ್ಮ ಹೆಸರಿನಲ್ಲಿ ಎತ್ತಿಕೊಟ್ಟ ಸಾಲವೂ ಇರಬಹುದು. ಹಣ ಬಳಸಿದವರು ಯಾರೇ ಆಗಿರಲಿ, ದಾಖಲೆಯಲ್ಲಿ ಸಹಿ ಮಾಡಿದವರೇ ಸಾಲಗಾರರು. ಇಂತಹ ಸಾಲವನ್ನು ಮನೆಯವರಿಗೂ ತಿಳಿಸದೆ ಒಬ್ಬರೇ ಹೊತ್ತುಕೊಂಡಿರುವುದು ಹೆಚ್ಚು.

ಮುಖ ತಿರುಗಿಸುವುದರ ಬೆಲೆ

ಲೆಕ್ಕ ನೋಡದಿರುವುದಕ್ಕೆ ತೆರಬೇಕಾದ ಬೆಲೆಯನ್ನು ಅಂಕಿಗಳಲ್ಲಿಯೇ ಹೇಳಬಹುದು.

ಒಂದು: ರಾಜ್ಯದ ಸಹಕಾರ ಸಂಘಗಳಲ್ಲಿ 2023-24ನೇ ಸಾಲಿನಿಂದ 5 ಲಕ್ಷ ರೂ.ವರೆಗಿನ ಅಲ್ಪಾವಧಿ ಬೆಳೆಸಾಲವನ್ನು ಶೂನ್ಯ ಬಡ್ಡಿದರದಲ್ಲಿ ನೀಡಲಾಗುತ್ತಿದೆ. ಈ ಸೌಲಭ್ಯ ವಾಯಿದೆಯೊಳಗೆ ಮರುಪಾವತಿ ಮಾಡುವವರಿಗೆ ಮಾತ್ರ. ವಾಯಿದೆ ಮೀರಿದರೆ ಸಾಲ ಸುಸ್ತಿಯಾಗಿ ಬಡ್ಡಿ ಬೀಳುತ್ತದೆ. ಬ್ಯಾಂಕುಗಳಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಮೂಲಕ ಪಡೆಯುವ 3 ಲಕ್ಷ ರೂ.ವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ. 7; ಸಕಾಲದಲ್ಲಿ ತೀರಿಸಿದವರಿಗೆ ಶೇ. 3ರಷ್ಟು ಪ್ರೋತ್ಸಾಹ ದೊರೆತು ಅದು ಶೇ. 4ಕ್ಕೆ ಇಳಿಯುತ್ತದೆ. ವಾಯಿದೆಯ ದಿನಾಂಕವನ್ನು ಮರೆತ ರೈತರು ಈ ಎರಡೂ ಅನುಕೂಲಗಳನ್ನು ಕಳೆದುಕೊಳ್ಳುತ್ತಾರೆ.

ಎರಡು: ಗಿರವಿ ಇಟ್ಟ ಚಿನ್ನವನ್ನು ಹರಾಜು ಹಾಕುವ ಮುನ್ನ ಸಾಲಗಾರರಿಗೆ ನೋಟಿಸು ನೀಡಬೇಕು. ನೋಟಿಸನ್ನು ತೆರೆದು ಓದಿದವರಿಗೆ ಬಡ್ಡಿ ಕಟ್ಟಿ ನವೀಕರಿಸುವ ಬಗ್ಗೆ ಶಾಖೆಯಲ್ಲಿ ವಿಚಾರಿಸಲು ಕಾಲಾವಕಾಶವಿರುತ್ತದೆ. ತೆರೆಯದವರಿಗೆ ಆ ಅವಕಾಶವೇ ಇಲ್ಲ.

ಮೂರು: ‘ನೂರಕ್ಕೆ ಮೂರು’ ಎಂದು ಕೇಳುವಾಗ ಸಣ್ಣದಾಗಿ ಕಾಣುವ ಕೈಸಾಲದ ತಿಂಗಳ ಬಡ್ಡಿಯು ವರ್ಷಕ್ಕೆ ಶೇ. 36 ಆಗುತ್ತದೆ. 20,000 ರೂ. ಕೈಸಾಲಕ್ಕೆ ತಿಂಗಳಿಗೆ 600 ರೂ. ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದರೆ ವರ್ಷಕ್ಕೆ 7,200 ರೂ. ಸಂದಾಯವಾದರೂ ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ.

ನಾಲ್ಕು: ಬಡ್ಡಿಯನ್ನು ಮೂಲ ಮೊತ್ತದ ಮೇಲೆಯೇ ಕೊನೆಯವರೆಗೆ ಲೆಕ್ಕ ಹಾಕುವ ಸಾಲದಲ್ಲಿ, ಹೇಳುವ ದರಕ್ಕೂ ತೆರುವ ದರಕ್ಕೂ ಬಹಳ ಅಂತರವಿರುತ್ತದೆ. 24,000 ರೂ. ಸಾಲಕ್ಕೆ ಈ ರೀತಿಯಲ್ಲಿ ವರ್ಷಕ್ಕೆ ಶೇ. 12ರಂತೆ 2 ವರ್ಷಕ್ಕೆ 5,760 ರೂ. ಬಡ್ಡಿ ಸೇರಿಸಿದರೆ, ತಿಂಗಳಿಗೆ 1,240 ರೂ.ಗಳ 24 ಕಂತುಗಳಾಗುತ್ತವೆ. ಪ್ರತಿ ಕಂತಿನಲ್ಲಿ ಅಸಲು ಇಳಿಯುತ್ತಾ ಬರುವುದನ್ನು ಗಣನೆಗೆ ತೆಗೆದುಕೊಂಡರೆ, ಇದು ವಾಸ್ತವದಲ್ಲಿ ಶೇ. 21ಕ್ಕೂ ಮೀರಿದ ವಾರ್ಷಿಕ ಬಡ್ಡಿ. ಆದುದರಿಂದ ಸಾಲ ಪಡೆಯುವಾಗ ‘ಇಳಿಯುವ ಅಸಲಿನ ಮೇಲೆ ಬಡ್ಡಿ ಎಷ್ಟು?’ ಎಂದೇ ಕೇಳಬೇಕು.

ಮೊದಲ ಹೆಜ್ಜೆ: ಒಂದು ಹಾಳೆ

ಕಾಮಗಾರಿಗೆ ಅಳತೆ ಪುಸ್ತಕವಿಲ್ಲದೆ ಬಿಲ್ಲು ಪಾವತಿಯಾಗದು. ತೆರಿಗೆಗೆ ಬೇಡಿಕೆ, ವಸೂಲಿ ಮತ್ತು ಬಾಕಿಯ ವಹಿ ಇಲ್ಲದೆ ಪಂಚಾಯಿತಿಯ ಆದಾಯ ತಿಳಿಯದು. ಸದಸ್ಯರಿಗೆ ಪರಿಚಿತವಾದ ಈ ಶಿಸ್ತನ್ನೇ ಒಂದು ಮನೆಯ ಮಟ್ಟಕ್ಕೆ ಇಳಿಸಿದರೆ ಸಾಲದ ಹಾಳೆ ಸಿದ್ಧವಾಗುತ್ತದೆ. ಅದರಲ್ಲಿ ಪ್ರತಿ ಸಾಲಕ್ಕೂ ಐದು ವಿವರಗಳು ಸಾಕು: ಯಾರಿಗೆ, ಇಂದು ಬಾಕಿ ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು, ಮುಂದಿನ ದಿನಾಂಕ ಯಾವುದು.

ಕಿರುಸಾಲ ನೀಡುವ ಸಂಸ್ಥೆಯು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡನ್ನು ನೀಡಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಕಾರ್ಡು ಇಲ್ಲದಿದ್ದರೆ ಕೇಳಿ ಪಡೆಯಬೇಕು. ಯಾರ ಹೆಸರಿನಲ್ಲಿ ಎಷ್ಟು ಸಾಲಗಳಿವೆ ಎಂಬ ಸಂಶಯವಿದ್ದರೆ, ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಪ್ರತಿಯೊಬ್ಬ ಸಾಲಗಾರರಿಗೂ ಇದೆ. ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ದೇಶದಲ್ಲಿವೆ. ತಾವು ಪಡೆಯದ ಸಾಲ ತಮ್ಮ ಹೆಸರಿನಲ್ಲಿದ್ದರೆ ಅದೂ ಈ ವರದಿಯಲ್ಲಿ ಗೊತ್ತಾಗುತ್ತದೆ. ಕೈಸಾಲ ಮತ್ತು ಉದ್ದರಿ ಇದರಲ್ಲಿ ಬರುವುದಿಲ್ಲವಾದ್ದರಿಂದ ಅವನ್ನು ಕುಟುಂಬವೇ ಬರೆಯಬೇಕು.

ಈ ಹಾಳೆಯನ್ನು ಒಂದೇ ದಿನದಲ್ಲಿ ಮುಗಿಸಬೇಕೆಂದಿಲ್ಲ. ಮೊದಲ ದಿನ ಇದ್ದಬದ್ದ ಪುಸ್ತಕ, ರಸೀದಿ, ಲಕೋಟೆಗಳನ್ನು ಒಂದು ಚೀಲಕ್ಕೆ ಸೇರಿಸಿದರೂ ಅದು ಪ್ರಗತಿಯೇ.

ಒಂದು ಮಾದರಿ ಲೆಕ್ಕ

ವಿವರಣೆಗಾಗಿ ಕಲ್ಪಿಸಿಕೊಂಡ ಒಂದು ಕುಟುಂಬವನ್ನು ಪರಿಗಣಿಸಬಹುದು. ಕೂಲಿ, ಡೇರಿಯ ಹಾಲಿನ ಬಟವಾಡೆ ಮತ್ತು ಗೃಹಲಕ್ಷ್ಮಿಯ 2,000 ರೂ. ಸೇರಿ ತಿಂಗಳ ಆದಾಯ 18,000 ರೂ.; ಮನೆ ಖರ್ಚು 12,600 ರೂ.; ಉಳಿಯುವುದು 5,400 ರೂ. ಸಾಲಗಳು ಹೀಗಿವೆ:

1. ಸಹಕಾರ ಸಂಘದ ಬೆಳೆಸಾಲ 60,000 ರೂ.; ಬಡ್ಡಿಯಿಲ್ಲ; ಬೆಳೆ ಮಾರಿದ ಹಣದಲ್ಲಿ ವಾಯಿದೆಯೊಳಗೆ ಕಟ್ಟಬೇಕು.
2. ಚಿನ್ನದ ಸಾಲ 40,000 ರೂ.; ವರ್ಷಕ್ಕೆ ಶೇ. 12, ತಿಂಗಳಿಗೆ 400 ರೂ. ಬಡ್ಡಿ.
3. ಮೈಕ್ರೋಫೈನಾನ್ಸ್ ಸಾಲದ ಬಾಕಿ 32,000 ರೂ.; ತಿಂಗಳ ಕಂತು 2,400 ರೂ.
4. ಕೈಸಾಲ 20,000 ರೂ.; ತಿಂಗಳಿಗೆ ಶೇ. 3, ತಿಂಗಳಿಗೆ 600 ರೂ. ಬಡ್ಡಿ.

ಒಟ್ಟು 1,52,000 ರೂ. ಈ ಸಂಖ್ಯೆಯನ್ನು ಮೊದಲ ಬಾರಿ ಬರೆದಾಗ ಕೈ ನಡುಗುವುದು ಸಹಜ. ಆದರೆ ಬರೆದ ಮೇಲೆಯೇ ದಾರಿಯೂ ತೋರುತ್ತದೆ. ಕಂತಿಗೆ 2,400 ರೂ. ಮತ್ತು ಚಿನ್ನದ ಬಡ್ಡಿಗೆ 400 ರೂ. ತೆಗೆದಿಟ್ಟರೆ 2,600 ರೂ. ಉಳಿಯುತ್ತದೆ. ಅದಷ್ಟನ್ನೂ ಅತಿ ದುಬಾರಿಯಾದ ಕೈಸಾಲಕ್ಕೆ ಪ್ರತಿ ತಿಂಗಳು ಕಟ್ಟಿದರೆ, 9ನೇ ತಿಂಗಳಲ್ಲಿ ಆ ಸಾಲ ಪೂರ್ಣವಾಗಿ ತೀರುತ್ತದೆ. ತೆತ್ತ ಬಡ್ಡಿ ಸುಮಾರು 3,080 ರೂ. ಬಡ್ಡಿಯನ್ನಷ್ಟೇ ಕಟ್ಟುತ್ತಿದ್ದರೆ ಅದೇ 9 ತಿಂಗಳಲ್ಲಿ 5,400 ರೂ. ಹೋಗಿ, 20,000 ರೂ. ಅಸಲು ಹಾಗೆಯೇ ಉಳಿಯುತ್ತಿತ್ತು. ತಿಂಗಳಿಗೆ ಶೇ. 1ರ ಬಡ್ಡಿಯಲ್ಲಿ ಸ್ವಸಹಾಯ ಸಂಘದಿಂದ 20,000 ರೂ. ಪಡೆದು ಕೈಸಾಲವನ್ನು ಅಂದೇ ತೀರಿಸಿ, ಸಂಘಕ್ಕೆ ಅದೇ 2,600 ರೂ. ಕಟ್ಟುತ್ತಾ ಹೋದರೆ ಒಟ್ಟು ಬಡ್ಡಿ ಸುಮಾರು 915 ರೂ. ಮಾತ್ರ. ಆದರೆ ಹಳೆಯ ಸಾಲ ಅದೇ ದಿನ ಮುಗಿದು ಪತ್ರ ಕೈಸೇರದಿದ್ದರೆ, ಹೊಸ ಸಾಲವು ನಾಲ್ಕರ ಜೊತೆಗೆ ಐದನೆಯದಾಗುತ್ತದೆ.

ಕೈಸಾಲ ತೀರಿದ ಮೇಲೆ ಅದೇ 2,600 ರೂ.ಗಳನ್ನು ಚಿನ್ನದ ಸಾಲದ ಅಸಲಿಗೆ ತಿರುಗಿಸಬಹುದು. ಅತಿ ದುಬಾರಿ ಸಾಲವನ್ನು ಮೊದಲು ತೀರಿಸುವುದು ಲೆಕ್ಕದ ದೃಷ್ಟಿಯಿಂದ ಉತ್ತಮ. ತೀರಾ ಕುಗ್ಗಿರುವ ಕುಟುಂಬವು ಅತಿ ಸಣ್ಣ ಸಾಲವನ್ನು ಮೊದಲು ಮುಗಿಸಿ ಧೈರ್ಯ ಪಡೆಯುವುದೂ ಸರಿಯೇ.

ಜೊತೆಗಾರರು ಏಕೆ ಬೇಕು

ಮೇಲಿನ ಲೆಕ್ಕ ಕಷ್ಟದ್ದಲ್ಲ. ಕಷ್ಟವಿರುವುದು ಅದನ್ನು 9 ತಿಂಗಳು ಬಿಡದೆ ನಡೆಸುವುದರಲ್ಲಿ. ಮೂರನೇ ತಿಂಗಳು ಹಬ್ಬ ಬರುತ್ತದೆ, ಐದನೇ ತಿಂಗಳು ಜ್ವರ ಬರುತ್ತದೆ, ಹಸು ಹಾಲು ಬಿಡುತ್ತದೆ. ಒಂದು ತಿಂಗಳು ತಪ್ಪಿದ ಕೂಡಲೇ ಪುಸ್ತಕ ಮತ್ತೆ ಮುಚ್ಚಿಹೋಗುತ್ತದೆ. ಆ ಹೊತ್ತಿನಲ್ಲಿ ಬೈಯದೆ, ಬಿಡದೆ ಪಕ್ಕದಲ್ಲಿ ಕೂರುವವರೊಬ್ಬರು ಬೇಕು.

ಕರ್ನಾಟಕದ ಗ್ರಾಮಗಳಿಗೆ ಈ ಪದ್ಧತಿ ಹೊಸದಲ್ಲ. ಕೋಲಾರ ಮೊದಲಾದ ಕಡೆಗಳಲ್ಲಿ 1980ರ ದಶಕದಲ್ಲಿಯೇ ಮೈರಾಡ ಸಂಸ್ಥೆಯ ನೆರವಿನಿಂದ ಪರಸ್ಪರ ನಂಬಿಕೆಯ ಸಣ್ಣ ಗುಂಪುಗಳು ಉಳಿತಾಯ ಮತ್ತು ಸಾಲದ ವ್ಯವಹಾರ ನಡೆಸಿದವು. 1992ರಲ್ಲಿ ನಬಾರ್ಡ್ ದೇಶದಾದ್ಯಂತ 500 ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಕಾರ್ಯಕ್ರಮವನ್ನು ಆರಂಭಿಸಿತು. 2000-01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಿತು. ಇಂದು ಸಂಜೀವಿನಿಯ ಒಕ್ಕೂಟವು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಇದೆ. ಈ ಸಂಘಗಳು ಪಾಲಿಸುವ ಪಂಚಸೂತ್ರಗಳು ಎಲ್ಲರಿಗೂ ತಿಳಿದಿವೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ನಿಯಮಿತ ಮರುಪಾವತಿ, ನಿಯಮಿತ ಪುಸ್ತಕ ನಿರ್ವಹಣೆ. ಐದರಲ್ಲಿಯೂ ಬರುವ ‘ನಿಯಮಿತ’ ಎಂಬ ಪದವೇ ಇಲ್ಲಿ ಮುಖ್ಯ. ಹಣ ಇದ್ದರೂ ಇಲ್ಲದಿದ್ದರೂ ಸಭೆಗೆ ಬರಬೇಕು, ಪುಸ್ತಕ ತೆರೆಯಬೇಕು ಎಂಬುದು ಇದರ ತಾತ್ಪರ್ಯ.

ಜೊತೆಗಾರರಾಗಿ ಒಕ್ಕೂಟದ ಪುಸ್ತಕ ಬರಹಗಾರರು, ಸಂಘದ ಹಿರಿಯ ಸದಸ್ಯೆ, ನಿವೃತ್ತ ಶಿಕ್ಷಕರು ಅಥವಾ ಕುಟುಂಬವೇ ಆಯ್ದುಕೊಂಡ ನಂಬಿಕೆಯ ಬಂಧು ಯಾರೂ ಆಗಬಹುದು. ಆಯ್ಕೆ ಕುಟುಂಬದ್ದೇ ಆಗಿರಬೇಕು. ತಿಂಗಳಿಗೊಮ್ಮೆ, ಗೊತ್ತುಪಡಿಸಿದ ದಿನ, ಅರ್ಧ ಗಂಟೆಯ ಭೇಟಿ ಸಾಕು. ಕೇಳಬೇಕಾದ ಪ್ರಶ್ನೆಗಳೂ ನಾಲ್ಕೇ: ‘ಅಕ್ಕಾ, ಪುಸ್ತಕ ತಂದಿರಾ? ಈ ತಿಂಗಳು ಎಷ್ಟು ಕಟ್ಟಿದಿರಿ? ಎಷ್ಟು ಉಳಿಯಿತು? ಮುಂದಿನ ತಿಂಗಳು ಯಾವ ಖರ್ಚು ಬರಲಿದೆ?’ ‘ಇಷ್ಟು ಸಾಲ ಯಾಕೆ ಮಾಡಿಕೊಂಡಿರಿ?’ ಎಂಬ ಪ್ರಶ್ನೆಗೆ ಇಲ್ಲಿ ಸ್ಥಾನವಿಲ್ಲ. ಅದನ್ನು ಒಮ್ಮೆ ಕೇಳಿದರೆ ಮುಂದಿನ ತಿಂಗಳು ಆ ಮನೆಯ ಬಾಗಿಲು ತೆರೆಯುವುದಿಲ್ಲ.

ಕಂತು ತಪ್ಪಿದ ತಿಂಗಳಿನ ಭೇಟಿಯೇ ಎಲ್ಲಕ್ಕಿಂತ ಅಗತ್ಯವಾದದ್ದು. ಅಂದು ಮಾಡಬೇಕಾದ ಕೆಲಸವೆಂದರೆ, ಸಾಲ ನೀಡಿದವರಿಗೆ ಕಾರಣ ಮತ್ತು ಕಟ್ಟಬಹುದಾದ ದಿನಾಂಕವನ್ನು ತಿಳಿಸುವ ಪತ್ರ ಬರೆದು ಸ್ವೀಕೃತಿ ಪಡೆಯುವುದು. ವಾಯಿದೆಗೆ ಮುನ್ನವೇ ಹೋಗಿ ಮಾತನಾಡಿದವರಿಗೆ ಬ್ಯಾಂಕಿನಲ್ಲಿ ಸಿಗುವ ಕಿವಿ, ಆರು ತಿಂಗಳು ಕರೆ ಸ್ವೀಕರಿಸದವರಿಗೆ ಸಿಗುವುದಿಲ್ಲ.

ಜೊತೆಗಾರಿಕೆಯೂ ಒತ್ತಡವೂ ಬೇರೆ ಬೇರೆ

ಗುಂಪು ಹೊಣೆಗಾರಿಕೆಯ ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕಾಗುತ್ತದೆ. ಆಗ ನೆರೆಹೊರೆಯವರೇ ವಸೂಲಿಗಾರರಾಗಿ, ಮನೆಯ ಮುಂದೆ ಕೂತು, ತಡರಾತ್ರಿಯವರೆಗೆ ಸಭೆ ಮುಗಿಸದೆ ಅವಮಾನಿಸುವ ಪ್ರಸಂಗಗಳು ಉಂಟಾಗುತ್ತವೆ. ಇದನ್ನು ಜೊತೆಗಾರಿಕೆ ಎನ್ನಲಾಗದು. ವ್ಯತ್ಯಾಸವನ್ನು ತಿಳಿಯುವ ಬಗೆ ಸರಳವಾಗಿದೆ: ಜೊತೆಗಾರರಿಗೆ ಆ ಸಾಲದಿಂದ ಯಾವ ಲಾಭವೂ, ನಷ್ಟವೂ ಇರುವುದಿಲ್ಲ, ಅವರು ಹಣವನ್ನು ಕೈಯಲ್ಲಿ ಮುಟ್ಟುವುದಿಲ್ಲ, ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ. ಪಂಚಾಯಿತಿಯ ಲೆಕ್ಕ ಸಾರ್ವಜನಿಕವಾದದ್ದು. ಅದಕ್ಕಾಗಿ ಜಮಾಬಂದಿ ಇದೆ. ಕುಟುಂಬದ ಲೆಕ್ಕ ಖಾಸಗಿಯಾದದ್ದು. ಅದು ಗ್ರಾಮಸಭೆಯಲ್ಲಾಗಲಿ, ಕಟ್ಟೆಯ ಮೇಲಾಗಲಿ ಚರ್ಚೆಯಾಗಕೂಡದು.

ಕಾನೂನಿನ ರಕ್ಷಣೆ

ಸಾಲ ತೀರಿಸುವುದು ಸಾಲಗಾರರ ಕರ್ತವ್ಯ. ಗೌರವದಿಂದ ನಡೆಸಿಕೊಳ್ಳುವುದು ಸಾಲ ನೀಡಿದವರ ಕರ್ತವ್ಯ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಕಿರುಸಾಲ ನಿರ್ದೇಶನಗಳ ಪ್ರಮುಖ ಅಂಶಗಳನ್ನು ಸದಸ್ಯರು ತಿಳಿದಿರುವುದು ಸೂಕ್ತ:

• ವಾರ್ಷಿಕ 3 ಲಕ್ಷ ರೂ.ವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ನೀಡುವ ಸಾಲವೇ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಶೇ. 50ನ್ನು ಮೀರುವಂತೆ ಸಾಲ ನೀಡುವಂತಿಲ್ಲ.
• ಕಿರುಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ. ತಡವಾದರೆ ದಂಡವು ಬಾಕಿಯಾದ ಮೊತ್ತದ ಮೇಲೆ ಮಾತ್ರ. ಇಡೀ ಸಾಲದ ಮೇಲಲ್ಲ.
• ವಸೂಲಿಯು ಇಬ್ಬರೂ ಒಪ್ಪಿದ ಸ್ಥಳದಲ್ಲಿ ನಡೆಯಬೇಕು. ಸಾಲಗಾರರು ಸತತ ಎರಡು ಅಥವಾ ಹೆಚ್ಚು ಬಾರಿ ಅಲ್ಲಿಗೆ ಬಾರದಿದ್ದಾಗ ಮಾತ್ರ ಸಿಬ್ಬಂದಿ ಮನೆಗೆ ಹೋಗಬಹುದು.
• ಬೆಳಿಗ್ಗೆ 9ಕ್ಕೆ ಮುನ್ನ ಮತ್ತು ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಬೆದರಿಕೆ, ನಿಂದನೆ, ಬಂಧು-ನೆರೆಯವರಿಗೆ ಕಿರುಕುಳ ನಿಷಿದ್ಧ.

ಇದಲ್ಲದೆ, ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ ಅಧ್ಯಾದೇಶ ಹೊರಡಿಸಿತು. ಬಳಿಕ ವಿಧಾನಮಂಡಲವೂ ಅದಕ್ಕೆ ಒಪ್ಪಿಗೆ ನೀಡಿತು. ಉಲ್ಲಂಘನೆಗೆ 10 ವರ್ಷಗಳವರೆಗೆ ಕಾರಾಗೃಹ ಶಿಕ್ಷೆ ಮತ್ತು 5 ಲಕ್ಷ ರೂ.ವರೆಗೆ ದಂಡ ವಿಧಿಸಬಹುದಾಗಿದೆ. ಕಿರುಕುಳದ ದೂರನ್ನು ಪೊಲೀಸ್ ಠಾಣೆಗೆ ನೀಡಬಹುದು. ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಬಗೆಗಿನ ದೂರನ್ನು ಮೊದಲು ಆ ಸಂಸ್ಥೆಗೇ ಲಿಖಿತವಾಗಿ ನೀಡಿ, 30 ದಿನಗಳಲ್ಲಿ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಸಲ್ಲಿಸಬಹುದು, ಮಾಹಿತಿಗೆ 14448. ಉಚಿತ ಕಾನೂನು ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ 15100. ಮಹಿಳೆಯರು ಆದಾಯದ ಮಿತಿಯಿಲ್ಲದೆ ಇದಕ್ಕೆ ಅರ್ಹರು. ಮೊಬೈಲ್ ಆ್ಯಪ್‌ಗಳ ಹೆಸರಿನಲ್ಲಿ ಹಣಕಾಸು ವಂಚನೆಯಾದರೆ 1930.

ಸದಸ್ಯರು ಮಾಡಬೇಕಾದದ್ದು

1. ತಮ್ಮ ಕ್ಷೇತ್ರದಲ್ಲಿ ಸಂಘದ ಸಭೆಗೆ ಬರುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ ಕುಟುಂಬಗಳ ಬಗ್ಗೆ ಒಕ್ಕೂಟದೊಂದಿಗೆ ಮಾತನಾಡಿ, ನಂಬಿಕೆಯವರೊಬ್ಬರನ್ನು ಆ ಮನೆಗೆ ಕಳುಹಿಸುವುದು.
2. ಅರಿವು ಕೇಂದ್ರದಲ್ಲಿ ಅಥವಾ ಪಂಚಾಯಿತಿ ಕಚೇರಿಯಲ್ಲಿ ತಿಂಗಳಿಗೊಂದು ಮಧ್ಯಾಹ್ನ ಸಾಲದ ಹಾಳೆ ಬರೆಸುವುದಕ್ಕೆ ಮರೆಯಿರುವ ಒಂದು ಮೂಲೆ, ಮೇಜು ಮತ್ತು ಬರೆಯಬಲ್ಲ ಒಬ್ಬರನ್ನು ಒದಗಿಸುವುದು.
3. ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರದ ಸಮಾಲೋಚಕರನ್ನು ಆ ದಿನ ಬರುವಂತೆ ಕೋರುವುದು.
4. ಸಾಲ ತೀರಿದವರು ಬೇಬಾಕಿ ಪತ್ರ, ಗಿರವಿ ವಸ್ತು ಮತ್ತು ಸಹಿ ಮಾಡಿಕೊಟ್ಟ ಖಾಲಿ ಚೆಕ್ಕುಗಳನ್ನು ಹಿಂಪಡೆದಿದ್ದಾರೆಯೇ ಎಂದು ವಿಚಾರಿಸುವುದು.

ಮಾಡಬಾರದದ್ದು

1. ‘ಸಾಲ ಮನ್ನಾ ಆಗುತ್ತದೆ, ಕಟ್ಟಬೇಡಿ’ ಎಂದು ಸರ್ಕಾರದ ಆದೇಶವಿಲ್ಲದೆ ಹೇಳಬಾರದು. ಅದನ್ನು ನಂಬಿ ಕಂತು ನಿಲ್ಲಿಸಿದ ಕುಟುಂಬಕ್ಕೆ ಬಡ್ಡಿಯೂ ಬೀಳುತ್ತದೆ, ಮುಂದಿನ ಸಾಲದ ಬಾಗಿಲೂ ಮುಚ್ಚುತ್ತದೆ.
2. ಕಂತಿನ ಹಣವನ್ನು ಸದಸ್ಯರು ತಮ್ಮ ಕೈಯಲ್ಲಿ ಪಡೆಯಬಾರದು. ಸೌಲಭ್ಯಗಳ ಆಯ್ಕೆಗೆ ಮರುಪಾವತಿಯನ್ನು ತಳುಕು ಹಾಕಬಾರದು.
3. ಸ್ವತಃ ಬಡ್ಡಿ ವ್ಯವಹಾರವಿರುವವರು ಅಥವಾ ಸಾಲ ಸಂಸ್ಥೆಯ ಏಜೆಂಟರ ಬಂಧುಗಳು ಜೊತೆಗಾರರಾಗಬಾರದು.
4. ಹೆಸರು ಹೇಳಿ ಯಾರ ಸಾಲವನ್ನೂ ಸಭೆಯಲ್ಲಿ ಪ್ರಸ್ತಾಪಿಸಬಾರದು.

ಇನ್ನೊಂದು ಎಚ್ಚರಿಕೆ ಅತಿ ಅಗತ್ಯ. ಸಾಲದ ಮಾತಿನ ನಡುವೆ ಯಾರಾದರೂ ಬದುಕಿನ ಬಗ್ಗೆಯೇ ಬೇಸರದ ಮಾತನ್ನಾಡಿದರೆ ಲೆಕ್ಕವನ್ನು ಅಲ್ಲಿಗೇ ಬಿಟ್ಟು, ಅವರನ್ನು ಒಂಟಿಯಾಗಿರಲು ಬಿಡದೆ, ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ನೆರವು ಪಡೆಯಬೇಕು. ಕನ್ನಡದಲ್ಲಿಯೇ ಮಾತನಾಡುವವರು ಅಲ್ಲಿರುತ್ತಾರೆ, ಕರೆ ಉಚಿತ. ಯಾವ ಸಾಲವೂ ಒಂದು ಜೀವಕ್ಕಿಂತ ದೊಡ್ಡದಲ್ಲ ಎಂಬ ಮಾತನ್ನು ಆ ಮನೆಯವರು ಊರಿನವರ ಬಾಯಿಂದಲೇ ಕೇಳಬೇಕು.

ಒಂದು ಮನೆಯ ಸಾಲವನ್ನು ಪಂಚಾಯಿತಿ ತೀರಿಸಲಾರದು. ತೀರಿಸುವವರು ಆ ಮನೆಯವರೇ. ಆದರೆ ಪುಸ್ತಕವನ್ನು ಮೊದಲ ಬಾರಿ ತೆರೆಯುವಾಗ ಅವರು ಒಬ್ಬರೇ ಇರಬೇಕಾಗಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಒಕ್ಕೂಟದ ಪದಾಧಿಕಾರಿಗಳೊಂದಿಗೆ ಚರ್ಚಿಸಿ, ಸಾಲದ ಹಾಳೆ ಬರೆಸುವ ದಿನ, ಸ್ಥಳ ಮತ್ತು ಬರೆಯುವವರ ಹೆಸರನ್ನು ನಿಗದಿಪಡಿಸಿಕೊಂಡರೆ ಕೆಲಸ ಆರಂಭವಾದಂತೆಯೇ. ಇದಕ್ಕೆ ಬೇಕಾದದ್ದು ಹಾಳೆ, ಲೇಖನಿ, ತಿಂಗಳಿಗೆ ಅರ್ಧ ಗಂಟೆ ಮತ್ತು ಕೇಳಿದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುವ ಒಬ್ಬರು.